ತಗಡಿನ ಮೇಲಣ ಅಚ್ಚಿಗೆ ಕಾಗದದ ಕರಡು ಸಾಕೆ?

ಪುಸ್ತಕ ಪತ್ರಿಕೆಗಳನ್ನು ಬಿಟ್ಟರೆ ನಮ್ಮ ಮನೆಗಳಲ್ಲಿ ಅಚ್ಚಿನ ಅಕ್ಷರಗಳು ಅತ್ಯಂತ ಹೆಚ್ಚಾಗಿ ಕಾಣಸಿಗುವ ಸ್ಥಳಗಳಲ್ಲಿ ಲೋಹವೂ ಒಂದು. ಬಿಸ್ಕತ್ತಿನ ಡಬ್ಬ, ಅಡುಗೆಯೆಣ್ಣೆಯ ಡಬ್ಬ, ಸೋಡಾ ಸೀಸೆಯ ಬಿರಡೆ, ಪಾನೀಯದ ಅಲ್ಯೂಮಿನಿಯಮ್ ಡಬ್ಬಿ, ಮಾತ್ರೆಗಳನ್ನು ಸುತ್ತಿದ ಬೆಳ್ಳಿಬಣ್ಣದ ಹಾಳೆ, ಇವೆಲ್ಲವೂ ಅಚ್ಚುಯಂತ್ರದ ಕೈಯಿಂದಲೇ ಹೊರಬಂದವು. ಇವುಗಳಲ್ಲಿ ಪ್ರತಿಯೊಂದೂ ಲಕ್ಷಗಟ್ಟಲೆಯಾಗಿ ಅಚ್ಚಾಗುವ ಮೊದಲು ಯಾರೋ ಒಬ್ಬರು ಅದರ ಮಾದರಿಯನ್ನು ನೋಡಿ, ಬಣ್ಣವೂ ಅಕ್ಷರವೂ ಸರಿಯಾಗಿವೆಯೆಂದು ರುಜು ಹಾಕಿರುತ್ತಾರೆ. ಆ ಮಾದರಿಗೆ ಕರಡಚ್ಚು ಎಂದು ಹೆಸರು. ಪುಸ್ತಕದ ಕರಡನ್ನು ತಿದ್ದುವುದು ಎಂತಹ ಕೆಲಸವೆಂಬುದನ್ನು ನಮ್ಮ ವಾಚಕರು ಬಲ್ಲರು. ಆದರೆ ತಗಡಿನ ಮೇಲೆ ಅಚ್ಚಾಗಬೇಕಾದ ಚಿತ್ರದ ಕರಡನ್ನು ಯಾವುದರ ಮೇಲೆ ತೆಗೆಯಬೇಕು? ಕಾಗದದ ಮೇಲೆ ತೆಗೆದು ನೋಡಿದರೆ, ಅಥವಾ ಇಂದಿನ ರೂಢಿಯಂತೆ ಗಣಕದ ಪರದೆಯ ಮೇಲೆ ನೋಡಿದರೆ ಸಾಲದೆ?

ಸಾಲದು ಎಂಬುದೇ ನಮ್ಮ ಅಭಿಪ್ರಾಯ. ಬಿಸ್ಕತ್ತಿನ ಡಬ್ಬದ ಕೆಂಪು ಕೊಂಚ ಮಂಕಾದರೆ ವರ್ತಕನಿಗೆ ಅಷ್ಟಿಷ್ಟು ನಷ್ಟವಾಗಬಹುದು. ಲೋಕಕ್ಕೆ ಅದರಿಂದ ಕೇಡಿಲ್ಲ. ಆದರೆ ಮಾತ್ರೆಯ ಹಾಳೆಯ ಮೇಲಿನ ಅಕ್ಷರ ಓದಲು ಬಾರದೆ ಹೋದರೆ ಅದು ಪ್ರಾಣಕ್ಕೆ ಸಂಬಂಧಿಸಿದ ಮಾತಾಗುತ್ತದೆ. ಈ ಎರಡು ದೋಷಗಳ ಮೂಲವೂ ಒಂದೇ ಆಗಿರುವುದರಿಂದ ಮೊದಲು ಆ ಮೂಲವನ್ನು ವಿಚಾರಿಸೋಣ.

ಕಾಗದವು ಬೆಳ್ಳಗೆ ಕಾಣುವುದೇತಕ್ಕೆ? ಅದು ಅಸಂಖ್ಯಾತ ನಾರುಗಳ ಹೆಣಿಗೆ. ಅದರ ಮೇಲೆ ಬಿದ್ದ ಬೆಳಕು ನಾರಿನಿಂದ ನಾರಿಗೆ ಬಡಿದು, ಎತ್ತೆತ್ತಲೋ ತಿರುಗಿ, ಕೊನೆಗೆ ಎಲ್ಲ ದಿಕ್ಕುಗಳಿಗೂ ಚೆದರಿ ಹೊರಬರುತ್ತದೆ. ಆದುದರಿಂದ ಕಾಗದವನ್ನು ಯಾವ ಕಡೆಯಿಂದ ನೋಡಿದರೂ ಅದರ ಬಿಳುಪು ಹೆಚ್ಚುಕಡಿಮೆ ಒಂದೇ. ಲೋಹದ ಸಂಗತಿ ಬೇರೆ. ಲೋಹದೊಳಗೆ ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಅಲೆಯುವ ಎಲೆಕ್ಟ್ರಾನುಗಳು ಹೇರಳವಾಗಿವೆ. ಬೆಳಕಿನ ಅಲೆ ತಾಕಿದೊಡನೆಯೇ ಅವು ಕಂಪಿಸಿ ಅದನ್ನು ಮೇಲ್ಮೈಯಿಂದಲೇ ಹಿಂದಕ್ಕೆ ಅಟ್ಟುತ್ತವೆ. ಮೈ ನುಣುಪಾಗಿದ್ದರೆ ಬಿದ್ದ ಕೋನದಲ್ಲಿಯೇ, ಒಂದೇ ದಿಕ್ಕಿಗೆ. ಅಲ್ಯೂಮಿನಿಯಮ್ಮಿನ ನುಣುಪಾದ ಮೈ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೂರಕ್ಕೆ ಸುಮಾರು 90 ಭಾಗವನ್ನು ಹಿಂದಿರುಗಿಸಬಲ್ಲದು. ಒಳ್ಳೆಯ ಬಿಳಿಯ ಕಾಗದವು ಹಿಂದಿರುಗಿಸುವ ಮೊತ್ತವೂ ಅದಕ್ಕೆ ಬಹಳ ದೂರವಿಲ್ಲ. ಒಂದು ಬೆಳ್ಳಗಿದೆ, ಇನ್ನೊಂದು ಬೆಳ್ಳಿಯಂತಿದೆ. ಈ ವ್ಯತ್ಯಾಸಕ್ಕೆ ಬೆಳಕಿನ ಪ್ರಮಾಣ ಕಾರಣವಲ್ಲ, ದಿಕ್ಕು ಕಾರಣ.

ಇನ್ನು ಬಣ್ಣದ ಅಚ್ಚಿನ ವಿಷಯ. ಹಳದಿ, ಮೆಜೆಂಟಾ, ಸಯಾನ್, ಕಪ್ಪು ಎಂಬ ನಾಲ್ಕು ಮಸಿಗಳಿಂದ ಸಕಲ ವರ್ಣಗಳನ್ನೂ ಹುಟ್ಟಿಸುವ ಕ್ರಮವು ಎಲ್ಲರಿಗೂ ತಿಳಿದದ್ದೇ. ಆದರೆ ಈ ಕ್ರಮದಲ್ಲಿ ಐದನೆಯ ಬಣ್ಣವೊಂದು ಅಡಗಿದೆ. ಅದು ಕಾಗದದ ಬಿಳುಪು. ಕಪ್ಪನ್ನು ಬಿಟ್ಟು ಉಳಿದ ಮಸಿಗಳು ಬಣ್ಣದ ಗಾಜಿನಂತೆ ಪಾರದರ್ಶಕವಾದವು. ಬೆಳಕು ಮಸಿಯನ್ನು ದಾಟಿ ಒಳಹೊಕ್ಕು, ಕಾಗದದಿಂದ ತಿರುಗಿ, ಮತ್ತೆ ಮಸಿಯನ್ನು ದಾಟಿ ನಮ್ಮ ಕಣ್ಣಿಗೆ ಬರಬೇಕು. ಕೆಳಗಿನ ನೆಲ ಬದಲಾದರೆ ಮೇಲಿನ ಬಣ್ಣವೂ ಬದಲಾಗಲೇಬೇಕಷ್ಟೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಹಳದಿಯ ಜಿಲಟಿನ್ ಕಾಗದದ ತುಂಡೊಂದನ್ನು ಬಿಳಿಯ ಹಾಳೆಯ ಮೇಲಿಟ್ಟರೆ ಅದು ಹಳದಿಯಾಗಿಯೇ ಕಾಣುತ್ತದೆ. ಅದನ್ನೇ ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯ ಹೊಳೆಯುವ ಮೈಮೇಲೆ ಇಡಿರಿ, ಅದು ಚಿನ್ನವಾಗುವುದು! ಸಿಹಿತಿಂಡಿಯ ಡಬ್ಬಗಳ ಮೇಲೆ ಥಳಥಳಿಸುವ ಬಂಗಾರವು ಬಹುಮಟ್ಟಿಗೆ ಇದೇ ತಂತ್ರದ್ದು. ಅಲ್ಲಿ ಬಂಗಾರದ ಕಣವೂ ಇಲ್ಲ. ಬೆಳ್ಳಗೆ ಹೊಳೆಯುವ ತವರದ ಮೇಲೆ ಹಳದಿಯ ತಿಳಿ ವಾರ್ನಿಷು ಇದೆ. ನಮ್ಮ ಜಾತ್ರೆ ಮೆರವಣಿಗೆಗಳಲ್ಲಿ ಬೇಗಡೆಯ ಅಲಂಕಾರವನ್ನು ಕಂಡವರಿಗೆ ಈ ಮಾಯೆ ಹೊಸದಲ್ಲ. ಇದೇ ಕರಡನ್ನು ಕಾಗದದ ಮೇಲೆ ತೆಗೆದು ತೋರಿಸಿದರೆ ನೋಡಿದವನು ಅರಸಿನದ ನೀರೆಂದಾನೇ ಹೊರತು ಚಿನ್ನವೆನ್ನಲಾರನು.

ಇದಕ್ಕಿಂತಲೂ ಸೂಕ್ಷ್ಮವಾದ ವಿಷಯವೊಂದಿದೆ. ಛಾಯಾಚಿತ್ರದಂತಹ ಚಿತ್ರಗಳಲ್ಲಿ ತಿಳಿ ಬಣ್ಣ, ಗಾಢ ಬಣ್ಣಗಳನ್ನು ಅತಿ ಸಣ್ಣ ಚುಕ್ಕಿಗಳಿಂದ ಸಾಧಿಸುತ್ತಾರೆ. ಚುಕ್ಕಿ ದೊಡ್ಡದಾದಷ್ಟೂ ಛಾಯೆ ಗಾಢ. ಕಾಗದದ ಮೇಲೆ ಈ ಚುಕ್ಕಿಗಳು ತಮ್ಮ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಚುಕ್ಕಿಗಳ ನಡುವಣ ಬಯಲಿನಲ್ಲಿ ಒಳಹೊಕ್ಕ ಬೆಳಕು ನಾರುಗಳೊಳಗೆ ಪಕ್ಕಕ್ಕೆ ಸರಿದು, ಪಕ್ಕದ ಚುಕ್ಕಿಯ ಅಡಿಯಲ್ಲಿ ಸಿಕ್ಕಿಕೊಂಡು, ಅಲ್ಲಿ ಹೀರಲ್ಪಡುವುದೇ ಇದಕ್ಕೆ ಕಾರಣ. ಯೂಲ್ ಮತ್ತು ನೀಲ್ಸನ್ ಎಂಬಿಬ್ಬರು 1951ರಲ್ಲಿ ಈ ಸೋರಿಕೆಗೆ ಗಣಿತದ ರೂಪವನ್ನು ಕೊಟ್ಟರು. ಅವರ ಹೆಸರಿನ ಸಮೀಕರಣವನ್ನು ಇಂದಿಗೂ ಬಳಸುತ್ತಾರೆ. ಲೋಹದೊಳಕ್ಕೆ ಬೆಳಕು ಹೊಗುವುದೇ ಇಲ್ಲ, ಇನ್ನು ಪಕ್ಕಕ್ಕೆ ಸರಿಯುವುದೆಲ್ಲಿಂದ ಬಂತು? ಅಲ್ಲಿ ಈ ಬಗೆಯ ಹಿಗ್ಗುವಿಕೆಗೆ ಅವಕಾಶವಿಲ್ಲ. ಹೀಗಾಗಿ ಒಂದೇ ಅಚ್ಚುಫಲಕದಿಂದ ಕಾಗದದ ಮೇಲೂ ತಗಡಿನ ಮೇಲೂ ಮುದ್ರಿಸಿದರೆ, ಮಸಿ ಒಂದೇ ಆಗಿದ್ದರೂ, ಮುಖದ ಮೇಲಣ ನೆರಳಿನಂತಹ ನಡುವಣ ಛಾಯೆಗಳು ಎರಡು ಕಡೆಯಲ್ಲಿ ಎರಡು ಬಗೆಯಾಗುತ್ತವೆ. ಕಾಗದದ ಕರಡನ್ನು ಎಷ್ಟು ಎಚ್ಚರದಿಂದ ತಯಾರಿಸಿದರೂ ಈ ಅಂತರವು ತಾನಾಗಿ ಅಳಿಯುವುದಿಲ್ಲ.

ಹಾಗಾದರೆ ತಗಡನ್ನೇ ಕಾಗದದಂತೆ ಬೆಳ್ಳಗೆ ಮಾಡಿಬಿಟ್ಟರಾಗದೆ ಎಂದು ಕೇಳಬಹುದು. ಹಾಗೆಯೂ ಮಾಡುತ್ತಾರೆ. ಟೈಟೇನಿಯಮ್ ಡಯಾಕ್ಸೈಡಿನ ಪುಡಿಯನ್ನು ರಾಳದಲ್ಲಿ ಕಲಸಿ ತಗಡಿಗೆ ಬಳಿದು ಒಲೆಯಲ್ಲಿ ಬೇಯಿಸುತ್ತಾರೆ. ಈ ವಸ್ತುವಿನ ವಕ್ರೀಭವನಾಂಕವು ಸುಮಾರು 2.7, ಸುತ್ತಲಿನ ರಾಳದ್ದು ಸುಮಾರು 1.5. ಈ ಅಂತರದ ದೆಸೆಯಿಂದ ಬೆಳಕು ಕಣದಿಂದ ಕಣಕ್ಕೆ ಬಾಗಿ ಬಾಗಿ ಚೆದರಿ ತೆಳುವಾದ ಪದರವೂ ಬೆಳ್ಳಗಾಗುವುದು. ಆದರೆ ಕಷ್ಟವು ಇಲ್ಲಿಗೆ ಮುಗಿಯಲಿಲ್ಲ. ಲೇಪವು ತೆಳುವಾದರೆ ಕೆಳಗಿನ ಲೋಹವು ಬೂದು ಬಣ್ಣವಾಗಿ ಇಣುಕುತ್ತದೆ. ಒಲೆಯ ಕಾವು ಹೆಚ್ಚಾದರೆ ಬಿಳುಪು ಹಳದಿಗೆ ತಿರುಗುತ್ತದೆ. ಒಂದು ತಗಡು ಮಸಿಗಳಿಗಾಗಿಯೂ ಹೊರವಾರ್ನಿಷಿಗಾಗಿಯೂ ಮತ್ತೆ ಮತ್ತೆ ಒಲೆಯನ್ನು ಹೊಕ್ಕು ಬರಬೇಕಾಗುವುದುಂಟು. ಈ ಬೇಯುವಿಕೆಯನ್ನು ಯಾವ ಕಾಗದದ ಕರಡು ತೋರಿಸಬಲ್ಲದು?

ಅಲ್ಲದೆ, ಲೋಹದ ಮೇಲೆ ಅಚ್ಚು ಹಾಕಿಸುವವನು ಲೋಹದ ಹೊಳಪಿಗಾಗಿಯೇ ಹಣ ತೆರುತ್ತಾನೆ. ಎಲ್ಲಿ ಬಿಳಿಯ ನೆಲವಿರಬೇಕು, ಎಲ್ಲಿ ಲೋಹವು ಬರಿಮೈಯಲ್ಲಿ ಹೊಳೆಯಬೇಕು ಎಂಬುದನ್ನು ನಿರ್ಧರಿಸುವುದೇ ಈ ಕಲೆಯ ಜೀವಾಳ. ಗಣಕದ ಪರದೆಯ ಮೇಲೆ ಬರಿಲೋಹವನ್ನು ಬೂದು ಬಣ್ಣದಿಂದ ಸೂಚಿಸುತ್ತಾರೆ. ಆದರೆ ಬೂದು ಬೇರೆ, ಲೋಹ ಬೇರೆ. ಪರದೆಯು ತಾನೇ ಬೆಳಕನ್ನು ಹೊಮ್ಮಿಸುತ್ತದೆ. ಕೋಣೆಯ ದೀಪವನ್ನು ಆರಿಸಿದರೂ ಚಿತ್ರವು ಅಲ್ಲಿಯೇ ಇರುತ್ತದೆ. ಲೋಹಕ್ಕೆ ತನ್ನದೆಂಬ ಬೆಳಕಿಲ್ಲ; ಎದುರಿಗೆ ಏನಿದೆಯೋ ಅದೇ ಅದರ ಬಣ್ಣ. ಕಿಟಕಿಯನ್ನು ತೋರಿಸಿದರೆ ಅದು ಬೆಳಗುತ್ತದೆ, ಕಪ್ಪು ಕೋಟನ್ನು ತೋರಿಸಿದರೆ ಕಪ್ಪಾಗುತ್ತದೆ. ದೂರದ ಊರಿನಲ್ಲಿ ಕುಳಿತ ಗಿರಾಕಿಯು ಕೈಯ ದೂರವಾಣಿಯ ಅಂಗೈಯಗಲದ ಪರದೆಯಲ್ಲಿ ಚಿತ್ರವನ್ನು ನೋಡಿ "ಒಪ್ಪಿಗೆ" ಎಂದು ಬರೆದು ಕಳುಹಿಸುವ ಪದ್ಧತಿಯು ಅಕ್ಷರದ ತಪ್ಪುಗಳನ್ನು ಹಿಡಿಯಲು ಸಾಕಾದೀತು. ಬಣ್ಣಕ್ಕೂ ಹೊಳಪಿಗೂ ಅದು ಒಪ್ಪಿಗೆಯೇ ಅಲ್ಲ.

ಇತಿಹಾಸದ ಒಂದು ವಿನೋದವನ್ನು ಇಲ್ಲಿ ಹೇಳಬೇಕು. 1796ರಲ್ಲಿ ಅಲೋಯ್ಸ್ ಸೆನೆಫೆಲ್ಡರನು ಕಲ್ಲಚ್ಚನ್ನು ಕಂಡುಹಿಡಿದನು. ಕಲ್ಲಿನಿಂದ ಕಾಗದಕ್ಕೆ ಮಸಿ ಸುಲಭವಾಗಿ ಇಳಿಯಿತು, ತಗಡಿಗೆ ಇಳಿಯಲಿಲ್ಲ. ಗಟ್ಟಿ ಕಲ್ಲು, ಗಟ್ಟಿ ತಗಡು ಇವೆರಡರ ಮೈಗಳು ಒಂದಕ್ಕೊಂದು ಒತ್ತಾಗಿ ಕೂಡಲಾರವು. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ಎಂಬಾತನು ನಡುವೆ ಒಂದು ಮೆತ್ತನೆಯ ಉರುಳೆಯನ್ನಿಟ್ಟು, ಕಲ್ಲಿನ ಚಿತ್ರವನ್ನು ಮೊದಲು ಅದಕ್ಕೂ ಅದರಿಂದ ತಗಡಿಗೂ ದಾಟಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಆಫ್‌ಸೆಟ್ ಎಂದು ಇಂದು ನಾವು ಕರೆಯುವ ಮುದ್ರಣಕ್ಕೆ ಇದೇ ನಾಂದಿ. ಅದೇ ತತ್ವವು ಕಾಗದಕ್ಕೆ ಬಂದದ್ದು ಅಮೆರಿಕದ ಐರಾ ರೂಬೆಲನಿಂದ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ತಗಡಿಗಾಗಿ ಹುಟ್ಟಿದ ವಿದ್ಯೆಯನ್ನು ಕಾಗದವು ಎರವಲು ಪಡೆಯಿತು. ಈಗ ಕಾಗದವೇ ತಗಡಿಗೆ ಪ್ರಮಾಣವಾಗಿ ನಿಂತಿದೆ!

ಆಕಾರದ ತೊಡಕನ್ನೂ ಮರೆಯಬಾರದು. ಸೋಡಾ ಸೀಸೆಯ ಬಿರಡೆಯನ್ನು ಚಪ್ಪಟೆಯಾದ ತಗಡಿನ ಮೇಲೆ ಅಚ್ಚು ಹಾಕಿ, ಆಮೇಲೆ ಕತ್ತರಿಸಿ, ಅಂಚನ್ನು 21 ಹಲ್ಲುಗಳಾಗಿ ಮಡಿಸುತ್ತಾರೆ. ತಗಡನ್ನು ಎಳೆದು ಬಟ್ಟಲಾಗಿಸುವ ಡಬ್ಬಿಗಳಲ್ಲಿ ಚಿತ್ರವು ಲೋಹದ ಜೊತೆಗೆ ಹಿಗ್ಗುವುದರಿಂದ, ಎಳೆದ ಬಳಿಕ ಸರಿಯಾಗುವಂತೆ ಮೊದಲೇ ಅದನ್ನು ಬೇಕೆಂದೇ ವಿಕಾರವಾಗಿ ಮುದ್ರಿಸುವುದುಂಟು. ಪಾನೀಯದ ಡಬ್ಬಿಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಡಬ್ಬಿ ರೂಪುಗೊಂಡ ಮೇಲೆ ಅಚ್ಚು ಬೀಳುತ್ತದೆ. ಎಲ್ಲ ಮಸಿಗಳೂ ಒಂದೇ ರಬ್ಬರು ಹೊದಿಕೆಯ ಮೇಲೆ ಸೇರಿ ಒಂದೇ ಸಲಕ್ಕೆ ಡಬ್ಬಿಗೆ ದಾಟುತ್ತವೆ. ಯಂತ್ರವು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಉರುಳಿಸುತ್ತದೆ. ಬಣ್ಣ ತಪ್ಪಿತೆಂದು ಹತ್ತು ನಿಮಿಷ ತಡವಾಗಿ ಅರಿವಾದರೆ ಎಷ್ಟು ಲೋಹ ಗುಜರಿಗೆ ಹೋಯಿತೆಂದು ವಾಚಕರೇ ಗುಣಿಸಿಕೊಳ್ಳಲಿ.

ಕಣ್ಣನ್ನು ನಂಬದೆ ಮಾಪಕವನ್ನು ನಂಬಿದರಾಗದೆ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸಹಜವಾಗಿ ತೋರುವ ಪ್ರಶ್ನೆ. ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಶಾಸ್ತ್ರವು 1931ರಿಂದ ಭದ್ರವಾದ ತಳಹದಿಯ ಮೇಲೆ ನಿಂತಿದೆಯೆಂಬುದು ನಿಜ. ಆದರೆ ಅಚ್ಚುಮನೆಗಳಲ್ಲಿ ವಾಡಿಕೆಯಲ್ಲಿರುವ ಮಾಪಕವು ಮಾದರಿಯ ಮೇಲೆ 45 ಅಂಶಗಳ ಓರೆಯಲ್ಲಿ ಬೆಳಕು ಬಿಟ್ಟು ನೇರವಾಗಿ ಮೇಲಿನಿಂದ ನೋಡುತ್ತದೆ. ಹೊಳಪು ಕಣ್ಣಿಗೆ ಹೊಡೆಯದಿರಲೆಂದೇ ಈ ಏರ್ಪಾಡು. ಕಾಗದಕ್ಕೆ ಇದು ಯೋಗ್ಯವಾದದ್ದೇ. ಲೋಹದ ಮೇಲೆ ಬಿದ್ದ ಬೆಳಕಾದರೋ ಬಹುಪಾಲು ಎದುರು ದಿಕ್ಕಿಗೆ ಹಾರಿಹೋಗುತ್ತದೆ. ಮಾಪಕಕ್ಕೆ ಸಿಗುವುದು ಚೂರುಪಾರು. ಕಣ್ಣು ಕೋರೈಸುವ ತಗಡನ್ನು ಅದು "ಕಡುಗಪ್ಪು" ಎಂದು ವರದಿ ಮಾಡುವುದು! ಒಳಗೆಲ್ಲ ಬೆಳ್ಳಗಿರುವ ಗೋಳವೊಂದರಲ್ಲಿ ಎಲ್ಲ ದಿಕ್ಕಿನ ಬೆಳಕನ್ನೂ ಕೂಡಿಸಿ ಅಳೆಯುವ ಇನ್ನೊಂದು ಬಗೆಯ ಮಾಪಕವು ಲೋಹಕ್ಕೆ ಹೆಚ್ಚು ಹೊಂದುತ್ತದೆ. ಅದು ಕೂಡ ಎಲ್ಲವನ್ನೂ ಕೂಡಿಸಿಬಿಡುವುದರಿಂದ ದಿಕ್ಕಿನ ಸಂಗತಿಯನ್ನು ಮುಚ್ಚಿಡುತ್ತದೆ. ಅಂಕಿಗಳು ಸುಳ್ಳಾಡುವುದಿಲ್ಲ, ಆದರೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತವೆ. ಬಣ್ಣಗಳನ್ನು ಹೋಲಿಸುವಾಗ ಡಿ50 ಎಂಬ ನಿಗದಿಯಾದ ಬಿಳಿಯ ಬೆಳಕಿನಲ್ಲಿ, ಸುಮಾರು 2000 ಲಕ್ಸ್ ಪ್ರಕಾಶದಲ್ಲಿ ನೋಡಬೇಕೆಂದು ಅಂತರರಾಷ್ಟ್ರೀಯ ಮಾನಕವಿದೆ. ಲೋಹದ ವಿಷಯದಲ್ಲಿ ಅದರ ಜೊತೆಗೆ ದೀಪ ಎಲ್ಲಿರಬೇಕು, ತಗಡನ್ನು ಯಾವ ಓರೆಯಲ್ಲಿ ಹಿಡಿಯಬೇಕು, ಎದುರಿನ ಗೋಡೆ ಯಾವ ಬಣ್ಣದ್ದಾಗಿರಬೇಕು ಎಂಬುದನ್ನೂ ಅಚ್ಚು ಹಾಕುವವನು ಮತ್ತು ಹಾಕಿಸುವವನು ಮೊದಲೇ ಮಾತನಾಡಿಕೊಳ್ಳಬೇಕು. ಇಲ್ಲವಾದರೆ ಒಂದೇ ತಗಡನ್ನು ಹಿಡಿದ ಇಬ್ಬರು ಎರಡು ಬಣ್ಣಗಳಿಗಾಗಿ ಜಗಳವಾಡುವರು, ಇಬ್ಬರ ಮಾತೂ ಸತ್ಯವಾಗಿರುವುದು.

ಈಗ ಮಾತ್ರೆಯ ಹಾಳೆಗೆ ಬರೋಣ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಮುಖ್ಯವಾಗಿ ಇದೇ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ 96ನೆಯ ನಿಯಮವು ಮದ್ದಿನ ಹೆಸರು, ತಯಾರಿಕೆಯ ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮುಂತಾದುವು ಅಳಿಯದ ಮಸಿಯಲ್ಲಿ, ಎದ್ದುಕಾಣುವಂತೆ ಇರಬೇಕೆಂದು ವಿಧಿಸುತ್ತದೆ. ಎದ್ದುಕಾಣುವಂತೆ ಎಂಬ ಮಾತಿನ ಮೇಲೆ ವಾಚಕರು ಗಮನವಿಡಬೇಕು. ಬೆಳ್ಳಿಬಣ್ಣದ ಅಲ್ಯೂಮಿನಿಯಮ್ ಹಾಳೆಯ ಮೇಲೆ ಕಪ್ಪು ಅಕ್ಷರಗಳು ಅಚ್ಚಾಗಿವೆಯೆಂದಿಟ್ಟುಕೊಳ್ಳೋಣ. ಹಾಳೆಯು ಬೆಳಕಿನ ಕಡೆಗೆ ತಿರುಗಿದ್ದಾಗ ನೆಲವು ಬೆಳಗಿ ಅಕ್ಷರಗಳು ಸ್ಪಷ್ಟವಾಗುತ್ತವೆ. ಓದುವವನ ಕಪ್ಪು ನೆರಳೋ ಕತ್ತಲೆಯ ಮೂಲೆಯೋ ಹಾಳೆಯಲ್ಲಿ ಪ್ರತಿಬಿಂಬಿಸಿದಾಗ ನೆಲವೂ ಕಪ್ಪು, ಅಕ್ಷರವೂ ಕಪ್ಪು, ಓದುವುದೇನನ್ನು? ಬಿಳಿಯ ಅಕ್ಷರಗಳಾದರೆ ಇದೇ ಕತೆ ತಿರುಗುಮುರುಗಾಗಿ ನಡೆಯುತ್ತದೆ. ತೆಳುವಾದ ನೀಲಿ, ಕೆಂಪು ಮಸಿಗಳದು ಇನ್ನೂ ಕಷ್ಟ. ಅವು ಪಾರದರ್ಶಕವಾದ್ದರಿಂದ ಅಕ್ಷರವೇ ಒಂದು ಬಣ್ಣದ ಕನ್ನಡಿಯಾಗಿ ನೆಲದೊಡನೆ ಹೊಳೆಯುತ್ತದೆ. ಅಲ್ಯೂಮಿನಿಯಮ್ ಹಾಳೆಗೆ ಎರಡು ಮೈಗಳುಂಟು. ಕೊನೆಯ ಸುತ್ತಿನಲ್ಲಿ ಎರಡೆರಡು ಹಾಳೆಗಳನ್ನು ಒಟ್ಟಿಗೆ ಉರುಳೆಗಳ ನಡುವೆ ಹಾಯಿಸುವುದರಿಂದ ಉರುಳೆಗೆ ತಾಗಿದ ಮೈ ಕನ್ನಡಿಯಂತೆಯೂ ಒಂದಕ್ಕೊಂದು ತಾಗಿದ ಮೈಗಳು ಮಬ್ಬಾಗಿಯೂ ಬರುತ್ತವೆ. ಮಬ್ಬು ಮೈಯಲ್ಲಿ ಬೆಳಕು ಕೊಂಚ ಚೆದರುವುದರಿಂದ ಓದುವುದು ಸುಲಭ.

ಇಷ್ಟಕ್ಕೇ ಮುಗಿಯುವುದಿಲ್ಲ. ಅಚ್ಚಾದ ಹಾಳೆಯು ಮಾತ್ರೆಗಳ ಮೇಲೆ ಮುಚ್ಚಳವಾಗುವಾಗ, ಸಣ್ಣ ಸಣ್ಣ ಚೌಕಗಳನ್ನು ಕೆತ್ತಿದ ಬಿಸಿ ಉರುಳೆಯು ಅದನ್ನು ಒತ್ತಿ ಅಂಟಿಸುತ್ತದೆ. ಹಾಳೆಯ ತುಂಬ ಕಾಣುವ ಗೀರುಗೀರಾದ ಜಾಲರಿಯು ಅದರ ಗುರುತು. ಆ ಜಾಲರಿಯ ಪ್ರತಿಯೊಂದು ಇಳಿಜಾರೂ ಒಂದೊಂದು ಕಿರುಗನ್ನಡಿ. ಚಪ್ಪಟೆಯಾಗಿದ್ದಾಗ ಅಂದವಾಗಿ ಕಂಡ ಸಣ್ಣ ಅಕ್ಷರಗಳು ಈ ಕಿರುಗನ್ನಡಿಗಳ ಮಿನುಗಿನಲ್ಲಿ ತುಂಡುತುಂಡಾಗುತ್ತವೆ. ಅವಧಿಯ ದಿನಾಂಕವನ್ನು ಮಸಿಯಿಲ್ಲದೆ ಬರಿಯ ಒತ್ತಿನಿಂದಲೇ ಮೂಡಿಸಿರುವುದೂ ಉಂಟು. ಮುಸ್ಸಂಜೆಯ ಬೆಳಕಿನಲ್ಲಿ ಅದನ್ನು ಓದಲು ಯಾರಿಂದ ಸಾಧ್ಯ? ಓದಬೇಕಾದವರು ಯಾರೆಂಬುದನ್ನೂ ಯೋಚಿಸಬೇಕು. ಬಹುಮಟ್ಟಿಗೆ ವಯಸ್ಸಾದವರು, ಕಣ್ಣಿನ ಮಸೂರ ಮಬ್ಬಾದವರು, ರಾತ್ರಿ ಒಂದೇ ದೀಪದ ಕೆಳಗೆ ಎರಡು ಮೂರು ಬಗೆಯ ಮಾತ್ರೆಗಳನ್ನು ಬೇರ್ಪಡಿಸಬೇಕಾದವರು. ಒಂದೇ ಮದ್ದು 5 ಮಿಲಿಗ್ರಾಮಿನದೂ ಇರುತ್ತದೆ, 50 ಮಿಲಿಗ್ರಾಮಿನದೂ ಇರುತ್ತದೆ. ಒಂದು ಸೊನ್ನೆ ಮಿನುಗಿನಲ್ಲಿ ಮುಚ್ಚಿಹೋದರೆ ಆಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಎಂದಾದರೂ ಈ ಹಾಳೆಗಳ ಮೇಲೆ ಕನ್ನಡ ಅಕ್ಷರಗಳನ್ನೂ ಕಾಣಬೇಕೆಂಬುದು ನಮ್ಮ ಆಸೆ. ಆಗ ನಮ್ಮ ಒತ್ತಕ್ಷರಗಳ ಸಣ್ಣ ಸುಳಿಗಳು ಮಸಿ ತುಂಬಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕಾದೀತು. ಕಾಗದದ ಮೇಲೆ ಅವು ಉಳಿದವೆಂಬ ಮಾತ್ರಕ್ಕೆ ಲೋಹದ ಮೇಲೆಯೂ ಉಳಿಯುತ್ತವೆಂಬ ಭರವಸೆಯಿಲ್ಲ.

ಮನುಷ್ಯನ ಕಣ್ಣಿಗೆ ಬದಲಾಗಿ ಯಂತ್ರದ ಕಣ್ಣಿಗೆ ಓದಿಸುವ ಉಪಾಯವೂ ಬಂದಿದೆ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಔಷಧಗಳ ಪೊಟ್ಟಣಗಳ ಮೇಲೆ ಗೆರೆಸಂಕೇತವನ್ನಾಗಲಿ ಕ್ಯೂಆರ್ ಸಂಕೇತವನ್ನಾಗಲಿ ಮುದ್ರಿಸಬೇಕೆಂದು ಕಡ್ಡಾಯ ಮಾಡಲಾಯಿತು. ಯಂತ್ರಕ್ಕೂ ಲೋಹವು ಸುಲಭದ ತುತ್ತಲ್ಲ. ಹೊಳೆಯುವ ಡಬ್ಬಿಗಳ ಮೇಲೆ ಕಪ್ಪು ಗೆರೆಗಳನ್ನು ಮುದ್ರಿಸುವುದಕ್ಕೆ ಬದಲಾಗಿ ಗೆರೆಗಳ ನಡುವಣ ತೆರಪನ್ನೇ ಬಿಳಿಯ ಮಸಿಯಿಂದ ಮುದ್ರಿಸಿ, ಗೆರೆಗಳ ಸ್ಥಳದಲ್ಲಿ ಬರಿಲೋಹವನ್ನು ಬಿಡುವುದುಂಟು. ಲೋಹವು ಬೆಳಕನ್ನು ಪಕ್ಕಕ್ಕೆ ಹಾರಿಸುವುದರಿಂದ ಯಂತ್ರಕ್ಕೆ ಅದೇ ಕಪ್ಪು! ಇಂತಹ ಜಾಣ್ಮೆಯು ಲೋಹವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರಿಗೆ ಹೊಳೆದೀತೇ ಹೊರತು ಕಾಗದದ ಕರಡನ್ನು ನೋಡಿ ಕುಳಿತವರಿಗಲ್ಲ.

ಲೋಹದ ಮೇಲೆಯೇ ಕರಡು ತೆಗೆಯುವುದು ದುಬಾರಿಯೆಂಬ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ದೊಡ್ಡ ಯಂತ್ರವನ್ನು ಹತ್ತು ತಗಡುಗಳಿಗಾಗಿ ಸಜ್ಜುಗೊಳಿಸುವುದೆಂದರೆ ಹತ್ತು ಅತಿಥಿಗಳಿಗಾಗಿ ಜಾತ್ರೆಯ ಒಲೆಯನ್ನು ಹೂಡಿದಂತೆ. ಆದರೆ ಒಂದೊಂದೇ ತಗಡನ್ನು ಕೈಯಿಂದ ಇಟ್ಟು ತೆಗೆಯುವ ಸಣ್ಣ ಕರಡುಯಂತ್ರಗಳು ಹಿಂದಿನಿಂದಲೂ ಇವೆ. ಬಿಳಿಯ ಮಸಿಯನ್ನೂ ಸಿಂಪಡಿಸಿ ಲೋಹದ ಹಾಳೆಯ ಮೇಲೆಯೇ ಮಾದರಿ ತೆಗೆಯುವ ಗಣಕಮುದ್ರಕಗಳು ಈಗ ಬಂದಿವೆ. ಇವುಗಳ ಮಸಿಯು ದೊಡ್ಡ ಯಂತ್ರದ ಮಸಿಯೇ ಅಲ್ಲವೆಂಬ ಕೊರತೆಯಿದ್ದರೂ ನೆಲವಾದರೂ ನಿಜವಾದದ್ದು. ಎಲ್ಲ ಡಬ್ಬಕ್ಕೂ ಈ ಶ್ರಮ ಬೇಕೆಂದು ನಾವು ಹಠ ಹಿಡಿಯುವುದಿಲ್ಲ. ಪೂರ್ತಿ ಬಿಳಿಯ ಲೇಪದ ಮೇಲೆ ಅಚ್ಚಾಗುವ ಬಣ್ಣದ ಡಬ್ಬಕ್ಕೆ ಒಳ್ಳೆಯ ಕಾಗದದ ಕರಡು ಬಹುಮಟ್ಟಿಗೆ ಸಾಕಾದೀತು. ಬರಿಲೋಹ ಕಾಣಬೇಕಾದ ಕಡೆಯಲ್ಲಿ ಸಾಲದು. ಮದ್ದಿನ ಹಾಳೆಯಲ್ಲಂತೂ ಏನೂ ಸಾಲದು.

ಮದ್ದಿನ ವಿಷಯದಲ್ಲಿ ನಾವು ಕೇಳುವುದು ಇಷ್ಟೆ. ಕರಡೆಂದರೆ ಅಚ್ಚಾಗಿ, ಮಾತ್ರೆಗಳ ಮೇಲೆ ಒತ್ತಿ ಅಂಟಿಸಿ, ಜಾಲರಿ ಮೂಡಿದ ಪೂರ್ಣ ಪಟ್ಟಿಯೇ ಆಗಿರಬೇಕು. ಅದನ್ನು ಪರೀಕ್ಷಾಗೃಹದ 2000 ಲಕ್ಸ್ ಬೆಳಕಿನಲ್ಲಿ ಒಮ್ಮೆ ನೋಡಿದ ಮೇಲೆ, ಮನೆಯ ಸಾಮಾನ್ಯ ದೀಪದ ಕೆಳಗೆ, ಕಾರ್ಖಾನೆಗೆ ಸಂಬಂಧಪಡದ ಐದಾರು ಮಂದಿ ಹಿರಿಯರ ಕೈಗೆ ಕೊಟ್ಟು ಹೆಸರನ್ನೂ ಪ್ರಮಾಣವನ್ನೂ ದಿನಾಂಕವನ್ನೂ ಗಟ್ಟಿಯಾಗಿ ಓದಿಸಬೇಕು. ಅವರು ಹಾಳೆಯನ್ನು ಎಷ್ಟು ಸಲ ಅತ್ತಿತ್ತ ತಿರುಗಿಸಿದರೆಂಬುದನ್ನು ಎಣಿಸಿ ಬರೆದಿಡಬೇಕು. ಅಚ್ಚು ಹಾಕಿಸುವವರು ರುಜು ಮಾಡಬೇಕಾದದ್ದು ಆ ಪಟ್ಟಿಯ ಮೇಲೆ, ಆ ಎಣಿಕೆಯನ್ನು ನೋಡಿದ ಬಳಿಕ.